ಡೈಮಂಡ್ ಕಲ್ಲಿನಲ್ಲಿ ಚಾಕು ಮಸೆಯುವುದು: ನಿಮ್ಮ ಪ್ರಶ್ನೆ, ಸಾಣೆಯವರ ಉತ್ತರ

ಪ್ರಶ್ನೆ (ಹಾಸನ): ನಮಸ್ಕಾರ ಸರ್. ನೀವು ಹೋಟೆಲ್ ಅಡುಗೆಮನೆಗಳ ಚಾಕುಗಳನ್ನು ಸಾಣೆ ಹಿಡಿದು ಕೊಡುತ್ತೀರಿ ಅಂತ ಇಲ್ಲೇ ಓದಿದೆ, ಅದಕ್ಕೆ ಕೇಳುತ್ತಿದ್ದೇನೆ. ಆನ್‌ಲೈನ್‌ನಲ್ಲಿ 400/1000 ಅಂತ ಬರೆದಿರುವ ಎರಡು ಮುಖದ ಡೈಮಂಡ್ ಕಲ್ಲು ತರಿಸಿದೆ. ಮೊದಮೊದಲು ಚೆನ್ನಾಗಿ ಕೊರೆಯುತ್ತಿತ್ತು. ಈಗ ಕೈಗೆ ನುಣುಪು ಅನಿಸುತ್ತದೆ, ಚಾಕು ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ. ಕಲ್ಲು ಡೂಪ್ಲಿಕೇಟಾ? ಅದರಲ್ಲಿ ನಿಜವಾಗಿ ವಜ್ರ ಇರುತ್ತದೆಯೇ?

ಉತ್ತರ: ನಮಸ್ಕಾರ ಸರ್. ವಜ್ರ ಇರುತ್ತದೆ. ಒಡವೆಯ ವಜ್ರ ಅಲ್ಲ, ಕಾರ್ಖಾನೆಯಲ್ಲಿ ಮಾಡಿದ ವಜ್ರದ ಪುಡಿ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಲ್ಯಾಬ್‌ನಲ್ಲಿ ಇದನ್ನು ಮಾಡುವ ದಾರಿ ಸಿಕ್ಕಿತು, ಅದರಿಂದಲೇ ಇವತ್ತು ಈ ಕಲ್ಲು ನಮ್ಮ ಕೈಗೆ ಎಟಕುವ ಬೆಲೆಗೆ ಬರುತ್ತಿದೆ.

ಕಲ್ಲು ಅಂತ ಕರೆದರೂ ಇದು ಕಲ್ಲಲ್ಲ. ಉಕ್ಕಿನ ತಟ್ಟೆಯ ಮೇಲೆ ನಿಕಲ್ ಲೇಪನ, ಆ ನಿಕಲ್‌ನಲ್ಲಿ ಅರ್ಧ ಹೂತುಕೊಂಡು ನಿಂತಿರುವ ವಜ್ರದ ಕಣಗಳು. ಒಂದೇ ಒಂದು ಪದರ. ಮಾಮೂಲಿ ಕಾರ್ಬೊರಂಡಂ ಕಲ್ಲು ಸವೆದ ಹಾಗೆ ಒಳಗಿನಿಂದ ಹೊಸ ಕಣ ಮೇಲೆ ಬರುತ್ತದೆ, ಇದರಲ್ಲಿ ಒಳಗೆ ಏನೂ ಇಲ್ಲ. ಹೊಸದರಲ್ಲಿ ಎತ್ತರಕ್ಕೆ ಎದ್ದು ನಿಂತ ಕೆಲವು ಕಣಗಳು ಮೊದಲು ಉದುರುತ್ತವೆ, ಆಮೇಲೆ ಕಲ್ಲು ಒಂದು ಹದಕ್ಕೆ ಬಂದು ನಿಲ್ಲುತ್ತದೆ. ಅದು ಸಹಜ, ಹೆದರಬೇಡಿ. ಆದರೆ ಭಾರ ಹಾಕಿ ಉಜ್ಜಿದರೆ ಕಣಗಳು ಬುಡಸಮೇತ ಕಿತ್ತು ಬರುತ್ತವೆ, ಆಮೇಲೆ ಆ ಜಾಗ ಬರೀ ನಿಕಲ್. ಚಾಕುವಿನ ಭಾರ, ಜೊತೆಗೆ ಎರಡು ಬೆರಳಿನ ಆಸರೆ, ಅಷ್ಟೇ ಸಾಕು. ಕೊರೆಯುವ ಕೆಲಸ ವಜ್ರದ್ದು, ಕೋನ ಹಿಡಿಯುವ ಕೆಲಸ ನಿಮ್ಮದು. ಹಳೇ ಕಲ್ಲಿನಲ್ಲಿ ಒತ್ತಿ ಒತ್ತಿ ಮಸೆದು ಅಭ್ಯಾಸವಾದ ಕೈಗೆ ಇದೇ ಕಷ್ಟ, ನಾನು ಎಲ್ಲರಿಗೂ ಮೊದಲು ಹೇಳುವ ಮಾತೂ ಇದೇ.

ಬಿಸಾಡುವ ಮುಂಚೆ ಒಮ್ಮೆ ತೊಳೆದು ನೋಡಿ. ಪಾತ್ರೆ ಸೋಪು, ಹಳೇ ಟೂತ್ ಬ್ರಷ್. ಎಷ್ಟೋ ಸಲ ಕಣಗಳ ನಡುವೆ ಉಕ್ಕಿನ ಕಪ್ಪು ಪುಡಿ ತುಂಬಿಕೊಂಡಿರುತ್ತದೆ, ಕಲ್ಲು ಸತ್ತಿದೆ ಅಂದುಕೊಳ್ಳುತ್ತೇವೆ.

ಇನ್ನು ಕಲ್ಲು ಎಷ್ಟು ಒರಟು, ಎಷ್ಟು ನುಣುಪು ಅಂತ ಹೇಳುವ ಆ 400, 1000 ಅನ್ನುವ ನಂಬರ್ ನಂಬಿಕೊಂಡು ಕೂರಬೇಡಿ. ಕಣದ ಗಾತ್ರ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಅಂತ ಬರೆದಿದ್ದಾರಾ ನೋಡಿ. ಡಿಎಂಟಿ ಅನ್ನುವ ಕಂಪನಿಯ ಕಲ್ಲುಗಳಲ್ಲಿ ಬಣ್ಣದ ಲೆಕ್ಕ ಇದೆ: ನೀಲಿ 45 ಮೈಕ್ರಾನ್, ಕೆಂಪು 25, ಹಸಿರು 9. ಮನೆ ಅಡುಗೆಗೆ ಕೆಂಪಿನ ದರ್ಜೆಯ ಒಂದು ಕಲ್ಲಿದ್ದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಟೊಮೆಟೊ ಸಿಪ್ಪೆಗೆ ಕನ್ನಡಿಯ ನುಣುಪು ಬೇಡ, ಅಲಗಿನ ಬಾಯಲ್ಲಿ ಸ್ವಲ್ಪ ಹಲ್ಲು ಇರಬೇಕು.

ಪ್ರಶ್ನೆ (ಮೈಸೂರು): ಅಣ್ಣಾ, ಕೋನ ಕೋನ ಅಂತ ಎಲ್ಲರೂ ಹೇಳುತ್ತಾರೆ. 15 ಡಿಗ್ರಿ, 20 ಡಿಗ್ರಿ ಅಂದರೆ ಅಡುಗೆಮನೆಯಲ್ಲಿ ನಿಂತು ಅಳೆಯುವುದು ಹೇಗೆ?

ಉತ್ತರ: ಒಳ್ಳೇ ಪ್ರಶ್ನೆ ಅಕ್ಕ. ಸ್ಕೇಲ್ ಸಾಕು. ಅಲಗಿನ ಅಗಲ 4 ಸೆಂ.ಮೀ. ಇದೆ ಅಂದುಕೊಳ್ಳಿ. ಬಾಯಿ ಕಲ್ಲಿನ ಮೇಲಿರಲಿ, ಚಾಕುವಿನ ಬೆನ್ನು ಕಲ್ಲಿನಿಂದ 1 ಸೆಂ.ಮೀ. ಮೇಲಿದ್ದರೆ ಸುಮಾರು 15 ಡಿಗ್ರಿ, 1.4 ಸೆಂ.ಮೀ. ಇದ್ದರೆ ಸುಮಾರು 20. ಅಂದರೆ ಅಗಲದ ಕಾಲು ಭಾಗ, ಇಲ್ಲಾ ಮೂರನೇ ಒಂದು ಭಾಗ. ನಮ್ಮ ಮಾಮೂಲಿ ಸ್ಟೀಲ್ ಚಾಕುವಿಗೆ 20ರ ಹತ್ತಿರ ಇರಲಿ. ಮೆತ್ತನೆ ಉಕ್ಕಿಗೆ ತೀರಾ ತೆಳ್ಳಗೆ ಬಾಯಿ ಕೊಟ್ಟರೆ ಮಣೆಗೆ ತಾಗಿ ತಾಗಿ ಬೇಗ ಮಡಚಿಕೊಳ್ಳುತ್ತದೆ.

ಮೊದಲು ಅಲಗಿನ ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ಒಂದೆರಡು ಸಲ ಕಲ್ಲಿನ ಮೇಲೆ ಎಳೆದು ಎತ್ತಿ ನೋಡಿ. ತುದಿಯಲ್ಲಿ ಬಣ್ಣ ಹಾಗೇ ಉಳಿದು ಮೇಲುಗಡೆ ಮಾತ್ರ ಹೋಗಿದ್ದರೆ ಬೆನ್ನು ಜಾಸ್ತಿ ಮಲಗಿದೆ. ತೀರಾ ತುದಿಯದು ಮಾತ್ರ ಹೋಗಿದ್ದರೆ ಜಾಸ್ತಿ ಎದ್ದಿದೆ. ಇಷ್ಟಕ್ಕೆ ಗೈಡು, ಸ್ಟ್ಯಾಂಡು ಅಂತ ಸುಮ್ನೆ ದುಡ್ಡು ಹಾಕಬೇಡಿ.

ಹಾಸನದವರು ಮತ್ತೆ: ತೊಳೆದೆ ಸರ್, ಕಲ್ಲಿಗೆ ಜೀವ ಬಂದಿದೆ. ಹಗುರ ಕೈಯಲ್ಲೇ ಎರಡೂ ಪಕ್ಕ ಚೆನ್ನಾಗಿ ಮಸೆದೆ. ಮಸೆದ ಕೂಡಲೇ ಪೇಪರ್ ಕತ್ತರಿಸಿತು. ಒಂದು ಕೆಜಿ ಈರುಳ್ಳಿ ಹೆಚ್ಚುವಷ್ಟರಲ್ಲಿ ಮತ್ತೆ ಮೊಂಡು. ಯಾಕೆ?

ಉತ್ತರ: ಅದು ಬರ್ ಸರ್. ಒಂದು ಪಕ್ಕ ಮಸೆಯುತ್ತಾ ಹೋದರೆ ತುದಿ ತಲುಪಿದ ಮೇಲೆ ಉಕ್ಕಿನ ತೆಳ್ಳನೆ ಎಳೆಯೊಂದು ಆಚೆ ಪಕ್ಕಕ್ಕೆ ಬಾಗಿಕೊಳ್ಳುತ್ತದೆ. ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಹೆಬ್ಬೆರಳು ಸವರಿದರೆ ತಡೆಯುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ, ಕೊಯ್ದುಕೊಳ್ಳುತ್ತೀರಿ. ಹಿಡಿಯಿಂದ ಮೊನೆಯವರೆಗೂ ಆ ಎಳೆ ಏಳಬೇಕು, ಎದ್ದರೆ ಮಾತ್ರ ಆ ಪಕ್ಕ ಮುಗಿಯಿತು ಅಂತ ಅರ್ಥ. ಆಮೇಲೆ ಇನ್ನೊಂದು ಪಕ್ಕ, ಅಲ್ಲೂ ಹಾಗೇ.

ಆದರೆ ಎಬ್ಬಿಸಿದ ಎಳೆಯನ್ನು ತೆಗೆಯಲೂ ಬೇಕಲ್ವಾ. ನಿಮ್ಮದು ತೆಗೆದಿಲ್ಲ. ಪೇಪರ್ ಕತ್ತರಿಸಿದ್ದು ಆ ಎಳೆಯೇ, ಈರುಳ್ಳಿ ಹೆಚ್ಚುವಾಗ ಅದು ಮಡಚಿ ಮಲಗಿತು. ಮೆತ್ತನೆ ಸ್ಟೀಲ್‌ನಲ್ಲಿ ಡೈಮಂಡ್ ಕಲ್ಲು ಎಬ್ಬಿಸುವ ಬರ್ ದೊಡ್ಡದು, ಮೊಂಡಾಟದ್ದು. ನುಣುಪಿನ ಮುಖದ ಮೇಲೆ, ಬಾಯಿ ಮುಂದೆ ಮಾಡಿ, ಬೆನ್ನು ಮಾಮೂಲಿಗಿಂತ ಒಂದು ಕೂದಲು ಜಾಸ್ತಿ ಎತ್ತಿ, ಆ ಪಕ್ಕ ಒಮ್ಮೆ ಈ ಪಕ್ಕ ಒಮ್ಮೆ ಎಳೆಯಿರಿ. ಪ್ರತಿ ಜೊತೆಗೂ ಕೈ ಇನ್ನಷ್ಟು ಹಗುರಾಗಲಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒರಟು ಮುಖದ ಮೇಲೆ ಬೆನ್ನು ಮುಂದೆ ಮಾಡಿ ಸವರಿ. ಈ ಎರಡು ನಿಮಿಷ ಉಳಿಸಿದವರ ಚಾಕುವೇ ಸಂಜೆಗೆ ಮೊಂಡಾಗುವುದು.

ಪ್ರಶ್ನೆ (ಉಡುಪಿ): ಮಸೆಯುವಾಗ ಕಲ್ಲಿಗೆ ಎಣ್ಣೆನಾ ನೀರಾ?

ಉತ್ತರ: ನೀರು, ಒಂದು ಹನಿ ಪಾತ್ರೆ ಸೋಪು. ನೆನೆಸಿಡುವುದು ಬೇಡ. ಮುಗಿದ ಮೇಲೆ ತೊಳೆದು ಒರೆಸಿ ಇಡಿ, ತಟ್ಟೆ ಉಕ್ಕಿನದು, ತುಕ್ಕು ಹಿಡಿಯುತ್ತದೆ.

ಪ್ರಶ್ನೆ (ದಾವಣಗೆರೆ): ಚಾಕುವಿನಿಂದ ತೆಂಗಿನಕಾಯಿ ಒಡೆಯಲು ಹೋಗಿ ನಮ್ಮ ಹುಡುಗರು ಎರಡು ಕಡೆ ಮುಕ್ಕು ಮಾಡಿದ್ದಾರೆ. ಪಕ್ಕದ ವರ್ಕ್‌ಶಾಪಿನಲ್ಲಿ ಗ್ರೈಂಡರ್ ಇದೆ, ಕೊಡಲಾ?

ಉತ್ತರ: ದಯವಿಟ್ಟು ಕೊಡಬೇಡಿ. ಗ್ರೈಂಡರ್ ಚಕ್ರಕ್ಕೆ ತೆಳ್ಳನೆ ಬಾಯಿ ಹಿಡಿದರೆ ಕ್ಷಣದಲ್ಲಿ ಕಾದು ನೀಲಿ ಬಣ್ಣಕ್ಕೆ ತಿರುಗುತ್ತದೆ. ಆ ನೀಲಿ ಬಂದ ಜಾಗದಲ್ಲಿ ಉಕ್ಕಿನ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲುವುದಿಲ್ಲ.

ಕೈಯಲ್ಲೇ ಮಾಡಿ, ಒಂದು ಸಂಜೆಯ ಕೆಲಸ. ಮೊದಲು ಒರಟು ಕಾರ್ಬೊರಂಡಂ ಕಲ್ಲು ತೆಗೆದುಕೊಳ್ಳಿ. ಚಾಕುವನ್ನು ನೇರವಾಗಿ ನಿಲ್ಲಿಸಿ, ಕಲ್ಲನ್ನೇ ಕೊಯ್ಯುವ ಹಾಗೆ ಹಿಂದೆ ಮುಂದೆ ಎಳೆಯಿರಿ, ಅಲಗಿನ ಬಾಗು ಕೆಡದ ಹಾಗೆ. ಮುಕ್ಕು ಮಾಯವಾಗುವವರೆಗೆ. ಈ ಹಂತವನ್ನು ಡೈಮಂಡ್ ಮೇಲೆ ಮಾಡಬೇಡಿ, ಇಡೀ ಭಾರ ಒಂದು ಗೆರೆಯ ಮೇಲೆ ಬಿದ್ದು ಕಣಗಳು ಕಿತ್ತುಹೋಗುತ್ತವೆ. ಈಗ ಬಾಯಿ ಚಪ್ಪಟೆಯಾಗಿ, ದೀಪಕ್ಕೆ ಹಿಡಿದರೆ ಬೆಳ್ಳಗೆ ಹೊಳೆಯುವ ಗೆರೆ ಕಾಣುತ್ತದೆ. ಅಲ್ಲಿಂದ ಮುಂದೆ ಡೈಮಂಡ್‌ನ ಒರಟು ಮುಖ, 45 ಮೈಕ್ರಾನ್ ಆಸುಪಾಸು. ಎರಡೂ ಪಕ್ಕ ಸಮನಾಗಿ, ಆ ಹೊಳೆಯುವ ಗೆರೆ ಪೂರ್ತಿ ಹೋಗುವವರೆಗೆ ಮಸೆಯಿರಿ. ಒಂದು ಕಡೆ ಚೂರು ಹೊಳೆದರೂ ಅಲ್ಲಿ ಇನ್ನೂ ಬಾಯಿ ಬಂದಿಲ್ಲ. ಮೊನೆ ಮುರಿದಿದ್ದರೆ ಬಾಯಿಯ ಕಡೆ ಮುಟ್ಟಬೇಡಿ, ಬೆನ್ನಿನ ಕಡೆಯಿಂದ ಸವೆಸಿ ಮೊನೆ ತನ್ನಿ.

ಪ್ರಶ್ನೆ (ಶಿರಸಿ): ನಮ್ಮಲ್ಲಿ ಚಾಕುಗಿಂತ ಈಳಿಗೆ ಮಣೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಜಾಸ್ತಿ. ಈ ಕಲ್ಲು ಅದಕ್ಕೂ ಆಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ, ನನ್ನ ಮಟ್ಟಿಗೆ ಡೈಮಂಡ್ ಅತಿ ಹೆಚ್ಚು ಉಪಯೋಗಕ್ಕೆ ಬರುವುದೇ ಅಲ್ಲಿ. ಅಲಗು ಮರಕ್ಕೆ ಕೂತಿದೆ, ಅದನ್ನು ಕಲ್ಲಿಗೆ ಒಯ್ಯಲಾಗದು, ಕಲ್ಲೇ ಅಲಗಿಗೆ ಬರಬೇಕು. ಹಿಡಿ ಇರುವ ಸಣ್ಣ ಡೈಮಂಡ್ ಕಲ್ಲು ಹಗುರ, ಒಂದು ಕೈಯಲ್ಲಿ ಹಿಡಿಯಬಹುದು. ಈಳಿಗೆಯ ಒಳಬಾಗಿಗೆ ಚಪ್ಪಟೆ ಕಲ್ಲು ಕೂರುವುದಿಲ್ಲ, ಅರ್ಧಗುಂಡಿನ ಡೈಮಂಡ್ ಅರ ತೆಗೆದುಕೊಳ್ಳಿ. ಮಣೆ ಅಲ್ಲಾಡದ ಹಾಗೆ ಕಾಲಲ್ಲಿ ಒತ್ತಿ, ಬುಡದಿಂದ ತುದಿಗೆ, ಬೆನ್ನಿನಿಂದ ಬಾಯಿಯ ಕಡೆಗೆ ಸವರಿ ಬಿಡಿ. ಬಾಯಿಯ ಎದುರಿಗೆ ಕೈ ನೂಕಬೇಡಿ, ಜಾರಿದರೆ ಬೆರಳಿಗೇ.

ಹಲಸಿನ ಮೇಣ ಅಂಟಿದ್ದರೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಸೋಪು ಹಾಕಿ ತೊಳೆದ ಮೇಲೆ ಮಸೆಯಿರಿ. ಮೇಣ ಕಲ್ಲಿಗೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ.

ಶಿರಸಿಯವರು ಮತ್ತೆ: ಮೆಟ್ಟುಗತ್ತಿಗೂ 20 ಡಿಗ್ರಿನಾ?

ಉತ್ತರ: ಇಲ್ಲ, ಸ್ವಲ್ಪ ದಪ್ಪ ಬಾಯಿ ಇರಲಿ, 25ರ ಮೇಲೆ. ಒಣಗಿದ ಸಿಪ್ಪೆಯ ಏಟು ಅದು, ತೆಳ್ಳಗೆ ಮಾಡಿದರೆ ಬೇಗ ಮುಕ್ಕಾಗುತ್ತದೆ. ಸುಗ್ಗಿಯಲ್ಲಿ ಪೂರ್ತಿ ಮೊಂಡಾಗುವವರೆಗೆ ಕಾಯಬೇಡಿ, ದಿನಾ ಕೂರುವ ಮುಂಚೆ ನುಣುಪಿನ ಕಲ್ಲಲ್ಲಿ ಪಕ್ಕಕ್ಕೆ ನಾಲ್ಕೈದು ಸಲ ಸವರಿದರೆ ಒರಟು ಕಲ್ಲು ಮುಟ್ಟುವ ಅಗತ್ಯವೇ ಅಪರೂಪ.