ಅಪ್‌ಡೇಟ್: ಬಿ.ಕಾಂ ಬಿಟ್ಟು ಊರಿಗೆ ಹೋಗ್ಲಾ ಅಂತ ಕೇಳಿದ್ದೆ

ಹೋದ ವರ್ಷ ಇಲ್ಲೇ ಕೇಳಿದ್ದೆ. ಅರಕಲಗೂಡಿನ ಕಡೆಯವಳು, ಪಿಯುಸಿವರೆಗೂ ಕನ್ನಡ ಮಾಧ್ಯಮ. ಮೈಸೂರಲ್ಲಿ ಬಿ.ಕಾಂ ಸೇರಿ ಒಂದು ತಿಂಗಳಾಗಿತ್ತು, ಪಾಠ ಎಲ್ಲ ಇಂಗ್ಲಿಷ್‌ನಲ್ಲಿ, ಒಂದಕ್ಷರ ತಲೆಗೆ ಹೋಗ್ತಿರಲಿಲ್ಲ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಬಿಡಲಿಲ್ಲ, ಇಲ್ಲೇ ಇದ್ದೇನೆ.

"ಡಿಪ್ರೀಸಿಯೇಷನ್" ಅಂತ ಮೇಷ್ಟ್ರು ಮೂರು ದಿನ ಹೇಳಿದರು. ನಾನು ಸುಮ್ನೆ ಬರೆದುಕೊಂಡೆ. ನಾಲ್ಕನೇ ದಿನ ಲೆಕ್ಕ ಮಾಡುವಾಗ ಗೊತ್ತಾಯಿತು, ಅಯ್ಯೋ, ಇದು ನಮ್ಮ ಸವಕಳಿ! ವಸ್ತು ಹಳೆಯದಾದಂತೆ ಅದರ ಬೆಲೆ ಇಳಿಸುವ ಲೆಕ್ಕ. ಪಿಯುಸಿಯಲ್ಲಿ ಇದೇ ಲೆಕ್ಕಕ್ಕೆ ಪೂರ್ತಿ ಅಂಕ ತಗೊಂಡಿದ್ದೆ. ಅವತ್ತಿಂದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಪಟ್ಟಿ. ಲೆಡ್ಜರ್ ಅಂದರೆ ಖಾತಾವಹಿ, ಗುಡ್‌ವಿಲ್ ಅಂದರೆ ಕೀರ್ತಿಮೌಲ್ಯ. ಈಗ ಪಕ್ಕದ ಬೆಂಚಿನ ಇಬ್ಬರು ಅದನ್ನೇ ಜೆರಾಕ್ಸ್ ಮಾಡಿಸಿಕೊಂಡಿದ್ದಾರೆ.

ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಹೋಯಿತು. ಅಪ್ಪನಿಗೆ ಹೇಳಲು ಎರಡು ವಾರ ಹಿಡಿಯಿತು. ಅವರು ಕೇಳಿದ್ದು, "ಊಟ ಸರಿ ಮಾಡ್ತಿದ್ದೀಯೇನವ್ವ?" ಅಂತ ಅಷ್ಟೇ. ಬೈದಿದ್ದರೆ ಇಷ್ಟು ಅಳು ಬರ್ತಿರಲಿಲ್ಲ. ಆಮೇಲೆ ಮತ್ತೆ ಬರೆದು ಪಾಸಾದೆ.

ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ, ಅದಕ್ಕೆ ಮೊದಮೊದಲು ಪ್ರತಿ ಶನಿವಾರ ಊರಿಗೆ ಓಡ್ತಿದ್ದೆ. ಈಗ ತಿಂಗಳಿಗೊಮ್ಮೆ. ಭಾನುವಾರ ಬೆಳಿಗ್ಗೆ ರೂಮ್‌ಮೇಟ್ ಜೊತೆ ಕುಕ್ಕರಹಳ್ಳಿ ಕೆರೆ ಸುತ್ತು, ಆಮೇಲೆ ದೋಸೆ. ಆಗ ದೂರಿದ್ದ ಪಿಜಿಯ ಚಿತ್ರಾನ್ನ ಮಾತ್ರ ಹಾಗೇ ಇದೆ, ಅದಕ್ಕೆ ಯಾರ ಸಲಹೆಯೂ ಕೆಲಸ ಮಾಡಲಿಲ್ಲ.

ಇಂಗ್ಲಿಷ್‌ನಲ್ಲಿ ಮಾತಾಡಲು ಈಗಲೂ ಭಯ. ಮುಂದಿನ ತಿಂಗಳು ಸೆಮಿನಾರ್ ಕೊಡಬೇಕು. ವಿಷಯ ಏನು ಗೊತ್ತಾ? ಡಿಪ್ರೀಸಿಯೇಷನ್. ನಾನೇ ಕೇಳಿ ತಗೊಂಡೆ.