ಸೋಮರಸ ಅಂದರೆ ಅಣಬೆ ರಸವಾ?

ಓದುಗೂಬೆ: ಋಗ್ವೇದದ ಸೋಮವನ್ನು ಅಣಬೆಯಿಂದ ಮಾಡುತ್ತಿದ್ದರು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಕೆಂಪು ಟೋಪಿ, ಮೇಲೆ ಬಿಳಿ ಚುಕ್ಕೆ ಇರುತ್ತಲ್ಲ, ಅದೇ. ನಾನು ಇಷ್ಟು ದಿನ ಅದು ಯಾವುದೋ ಹೆಂಡ ಅಂದುಕೊಂಡಿದ್ದೆ. ಯಾವುದು ನಿಜ?

ಹಳೇಕಡತ: ಹೆಂಡವಂತೂ ಅಲ್ಲ. ಅದಕ್ಕೆ ವೇದದಲ್ಲೇ ಸುರೆ ಅಂತ ಬೇರೆ ಹೆಸರಿದೆ. ಸೋಮವನ್ನು ಕಲ್ಲಲ್ಲಿ ಜಜ್ಜಿ, ಕುರಿಯ ಉಣ್ಣೆಯಲ್ಲಿ ಸೋಸಿ, ಹಾಲು ಬೆರೆಸಿ ಅವತ್ತೇ ಕುಡಿಯುತ್ತಿದ್ದರು, ಹುಳಿ ಬರೋಕೆ ಹೊತ್ತೇ ಇಲ್ಲ. ಅಣಬೆ ವಾದ 1968ರಲ್ಲಿ ಗಾರ್ಡನ್ ವಾಸನ್ ಮುಂದಿಟ್ಟಿದ್ದು, ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಸೈಬೀರಿಯಾದ ಕೆಲವು ಜನ ಈ ಅಣಬೆ ತಿಂದವರ ಮೂತ್ರವನ್ನೂ ಕುಡಿಯುತ್ತಿದ್ದರು, ಅಮಲು ಅದರಲ್ಲೂ ಉಳಿಯುತ್ತದೆ. ಋಗ್ವೇದದ ಒಂಬತ್ತನೇ ಮಂಡಲದ ಒಂದು ಸಾಲಿನಲ್ಲಿ ಮೂತ್ರದ ಮಾತು ಬರುತ್ತದೆ ಅಂತ ವಾಸನ್ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ನನಗಂತೂ ಒಪ್ಪಿಗೆಯಿಲ್ಲ. ಮೆತ್ತನೆ ಅಣಬೆ ಜಜ್ಜೋಕೆ ಕಲ್ಲು ಯಾಕೆ ಬೇಕು?

ಗುಡ್ಡದಕಡೆ: ನನ್ನ ವೋಟು ಎಫೆಡ್ರಾ ಅನ್ನೋ ಗಿಡಕ್ಕೆ. ಪಾರ್ಸಿಗಳ ಧರ್ಮದಲ್ಲಿ ಹವೋಮ ಅಂತ ಇದೆಯಲ್ಲ, ಅದೂ ಸೋಮವೂ ಒಂದೇ ಪದ, ಇರಾನಿನ ಜರತುಷ್ಟ್ರ ಪೂಜೆಯಲ್ಲಿ ಇವತ್ತಿಗೂ ಬಳಸೋದು ಎಫೆಡ್ರಾ ಕಡ್ಡಿ. ಎಲೆ ಕಾಣದ ಪೊದೆ, ಲಡಾಖ್ ಕಡೆಯೂ ಬೆಳೆಯುತ್ತದೆ. ಅದರಲ್ಲಿರೋ ಎಫೆಡ್ರಿನ್ ನಿದ್ದೆ ಓಡಿಸುತ್ತದೆ. ಋಗ್ವೇದದಲ್ಲಿ ಸೋಮಕ್ಕೆ 'ಜಾಗೃವಿ', ಅಂದರೆ ಎಚ್ಚರವಾಗಿರುವವನು, ಅನ್ನೋ ಹೆಸರೇ ಇದೆ. ಜರ್ಮನಿಯ ವಿದ್ವಾಂಸ ಹ್ಯಾರಿ ಫಾಲ್ಕ್ 1989ರಲ್ಲಿ ಹೇಳಿದ್ದೂ ಇದನ್ನೇ.

ಓದುಗೂಬೆ: ಆದರೆ 'ಅಪಾಮ ಸೋಮಮ್ ಅಮೃತಾ ಅಭೂಮ' ಅಂತಾರಲ್ಲ, ಸೋಮ ಕುಡಿದೆವು, ಸಾವಿಲ್ಲದವರಾದೆವು ಅಂತ. ಸುಮ್ನೆ ನಿದ್ದೆ ಓಡಿಹೋಗಿದ್ದಕ್ಕೆ ಇಷ್ಟೊಂದು ಸಂಭ್ರಮವಾ?

ಗುಡ್ಡದಕಡೆ: ಉಪವಾಸ, ಹೊಗೆ, ರಾತ್ರಿಯಿಡೀ ಮಂತ್ರ, ಅದರ ಮೇಲೆ ಇದು. ಬೆಳತನಕ ಯಕ್ಷಗಾನ ನೋಡಿದವರನ್ನು ಕೇಳಿ ಮಾರಾಯ್ರೆ, ಬೆಳಗಿನ ಜಾವ ಬಣ್ಣದ ವೇಷ ಬಂದಾಗ ತಲೆ ಹೇಗಿರುತ್ತದೆ ಅಂತ.

ಮಣ್ಣುಅಗೆಯುವವ: ಅಗೆದು ಸಿಕ್ಕಿದ್ದರ ಬಗ್ಗೆಯೂ ಸ್ವಲ್ಪ ಹುಷಾರು. ತುರ್ಕಮೆನಿಸ್ತಾನದ ಗೋನೂರ್ ತೆಪೆ ಅನ್ನೋ ಹಳೇ ಊರನ್ನು ಅಗೆದ ಸರಿಯಾನಿದಿ, ಸೋಮ ಮಾಡುತ್ತಿದ್ದ ಪಾತ್ರೆಯಲ್ಲಿ ಎಫೆಡ್ರಾ, ಗಾಂಜಾ ಎರಡೂ ಸಿಕ್ಕಿವೆ ಅಂದಿದ್ದರು. ಆಮೇಲೆ ಬೇರೆಯವರು ನೋಡಿದರೆ ಪಾತ್ರೆಯಲ್ಲಿದ್ದದ್ದು ಸಿರಿಧಾನ್ಯದ ಗುರುತು. ಇನ್ನೊಂದು, ಅಸಲಿ ಗಿಡ ಸಿಗೋದು ಬಹಳ ಹಿಂದೆಯೇ ಕಷ್ಟವಾಗಿತ್ತು. ಸೋಮ ಸಿಗದಿದ್ದರೆ ಏನೇನು ಹಿಂಡಬಹುದು ಅಂತ ಯಜ್ಞವಿಧಿಯ ಗ್ರಂಥ ಶತಪಥ ಬ್ರಾಹ್ಮಣ ಒಂದೊಂದಾಗಿ ಹೇಳುತ್ತಾ ಕೊನೆಗೆ ದರ್ಭೆಗೂ ಬಂದು ನಿಲ್ಲುತ್ತದೆ! ಈಗ ಇಲ್ಲಿನ ಯಾಗಗಳಲ್ಲಿ ಹಿಂಡೋ ಸೋಮಲತೆ ಹಾಲು ಬರುವ ಬಳ್ಳಿ, ಬೇರೆಯೇ ಜಾತಿ. ನಮ್ಮ ಮಾವ ಒಂದು ಗುಟುಕು ಕುಡಿದಿದ್ದರು. ಹೇಗಿತ್ತು ಅಂದರೆ, "ಕಹಿ" ಅಂದರು, ಅಷ್ಟೇ.