ಕರ್ತನ ಭೋಜನಕ್ಕೆ ಅವನು ಬಂದಿದ್ದರ ಬಗ್ಗೆ

ಎಲ್ಲರಿಗೂ ವಂದನೆಗಳು. ಬರೆದು ಹಾಕಿದರೆ ಜಗಳದ ಮಾತಿನ ಹಾಗೆ ಕಾಣಬಹುದು, ಅದಕ್ಕೇ ದನಿಯಲ್ಲಿ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಕೇಳಿ.

ಅಣ್ಣ, ಬೆಳಿಗ್ಗೆ ನೀವು ನಮ್ಮ ಸಭೆಯ ಗ್ರೂಪಿಗೆ ಹಾಕಿದ್ದನ್ನು ನೋಡಿದೆ. ಕುಡಿತ ಬಿಡಿಸುವ ಕೇಂದ್ರದಿಂದ ಈಗಷ್ಟೇ ಬಂದ ನಮ್ಮ ಹುಡುಗ ಭಾನುವಾರ ಕರ್ತನ ಭೋಜನಕ್ಕೆ, ಅಂದರೆ ಕರ್ತನಾದ ಯೇಸುವಿನ ಮರಣವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದಕ್ಕೆ, ಮುಂದೆ ಬಂದ, ಇಷ್ಟು ಬೇಗ ಹೇಗೆ ಬಿಟ್ಟಿರಿ ಅಂತ ಕೇಳಿದ್ದೀರಿ. ಕೆಳಗೆ 1 ಕೊರಿಂಥ 11:27 ಹಾಕಿದ್ದೀರಿ, ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲನೇ ಪತ್ರದ್ದು. ಅಯೋಗ್ಯವಾಗಿ ತಿಂದು ಕುಡಿಯುವವನು ಅಪರಾಧಿ ಅನ್ನುವ ವಚನ. ಅದಕ್ಕೆ ಸಾಲಾಗಿ ಆಮೆನ್, ಆಮೆನ್ ಅಂತ ಬಂತು. ಅವನ ತಾಯಿ, ನಮ್ಮ ಅಕ್ಕ, ಈ ಗ್ರೂಪಿನಲ್ಲೇ ಇದ್ದಾರೆ, ಅಲ್ವಾ?

ಆ ವಚನದ ಹಿಂದುಮುಂದು ಒಮ್ಮೆ ಓದಿ ಅಣ್ಣ. ಕೊರಿಂಥದ ಸಭೆ ಆಗ ಮನೆಗಳಲ್ಲಿ ಸೇರುತ್ತಿತ್ತು. ಊಟವೂ ಕರ್ತನ ಭೋಜನವೂ ಒಟ್ಟಿಗೇ ನಡೆಯುತ್ತಿತ್ತು. ಉಳ್ಳವರು ಇಲ್ಲದವರಿಗಾಗಿ ಕಾಯದೆ ತಮ್ಮದನ್ನು ತಿಂದು ಮುಗಿಸುತ್ತಿದ್ದರು. 21ನೇ ವಚನದಲ್ಲೇ ಇದೆ, ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಅಮಲೇರಿರುತ್ತಾನೆ. ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತ ಪೌಲ ಗದರುತ್ತಾನೆ. ಆ ಗದರಿಕೆ ಮುಂದುವರಿದೇ ನೀವು ಹಾಕಿದ ವಚನ ಬರುತ್ತದೆ. ಕುಡಿತದ ಮಾತು ಅಲ್ಲೂ ಇದೆ, ನಿಜ. ಆದರೆ ಅದು ಪಕ್ಕದವನ ಹಸಿವನ್ನು ನೋಡದೆ ಕುಡಿದು ಕೂತವರ ಬಗ್ಗೆ. ಕುಡಿತದಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಿರುವವನ ಬಗ್ಗೆ ಅಲ್ಲ. 28ನೇ ವಚನವಂತೂ ಪ್ರತಿಯೊಬ್ಬನೂ ತನ್ನನ್ನೇ ಪರೀಕ್ಷಿಸಿಕೊಳ್ಳಲಿ ಅನ್ನುತ್ತದೆ. ಅವನ ಪರೀಕ್ಷೆ ನಮ್ಮ ಕೈಗೆ ಯಾವಾಗ ಬಂತು? ಅವನ ಜೊತೆ ಕೂತು ಮಾತಾಡಿ, ಪ್ರಾರ್ಥನೆ ಮಾಡಿ, ಬಾ ಅಂತ ಕರೆದದ್ದು ನಮ್ಮ ಸಭೆಯ ಪಾಸ್ಟರ್ ಅಯ್ಯನವರು.

ಹಾಗಂತ ಪಾಪವನ್ನು ಕಂಡೂ ಸುಮ್ನೆ ಇರಬೇಕು ಅಂತ ನಾನು ಹೇಳುತ್ತಿಲ್ಲ. ಇದೇ ಪತ್ರದ 5ನೇ ಅಧ್ಯಾಯದಲ್ಲಿ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದವನನ್ನು ಸಭೆಯಿಂದ ಹೊರಗೆ ಹಾಕಿ ಅನ್ನುತ್ತಾನೆ ಪೌಲ. ಆದರೆ ಎರಡನೇ ಪತ್ರದ 2ನೇ ಅಧ್ಯಾಯಕ್ಕೆ ಬನ್ನಿ. ಸಭೆ ಶಿಕ್ಷಿಸಿದ ಒಬ್ಬ ಮನುಷ್ಯನ ವಿಷಯ ಅಲ್ಲಿದೆ. ಅವನೇ ಇವನು ಅಂತ ತುಂಬಾ ಜನ ಹೇಳುತ್ತಾರೆ, ಎಲ್ಲರೂ ಒಪ್ಪುವುದಿಲ್ಲ. ಯಾರೇ ಇರಲಿ, ಕೊಟ್ಟ ಶಿಕ್ಷೆ ಸಾಕು, ಈಗ ಕ್ಷಮಿಸಿ, ಸಂತೈಸಿ, ಇಲ್ಲದಿದ್ದರೆ ಅವನು ದುಃಖದಲ್ಲೇ ಮುಳುಗಿ ಹೋದಾನು ಅಂತ ಬರೆಯುತ್ತಾನೆ. ನಾವು ಮೊದಲನೇ ಪತ್ರ ಓದಿ ಅಲ್ಲಿಗೇ ಬೈಬಲ್ ಮುಚ್ಚಿಡುತ್ತೇವೆ. ನನಗೆ ಜಾಸ್ತಿ ನೋವು ಕೊಡುವುದು ಇದೇ. ಶಿಕ್ಷೆ ಯಾವಾಗ ಶುರು ಅನ್ನುವುದು ಎಲ್ಲರಿಗೂ ಗೊತ್ತು, ಯಾವಾಗ ಮುಗಿಯಿತು ಅಂತ ಯಾರೂ ಹೇಳುವುದಿಲ್ಲ.

ತಪ್ಪು ಮಾಡಿದ ಸಹೋದರನನ್ನು ತಿದ್ದುವುದಕ್ಕೆ ಮತ್ತಾಯನ ಸುವಾರ್ತೆ 18ರಲ್ಲಿ ಕರ್ತನೇ ದಾರಿ ಹೇಳಿಕೊಟ್ಟಿದ್ದಾನೆ. ಮೊದಲು ನೀನೊಬ್ಬನೇ ಹೋಗಿ ಅವನ ಜೊತೆ ಮಾತಾಡು. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಅದೂ ಆಗದಿದ್ದರೆ ಸಭೆಗೆ ತಿಳಿಸು. ಈ ವಿಷಯದಲ್ಲಿ ಕೊನೆಯ ಮೆಟ್ಟಿಲಿನಿಂದಲೇ ಶುರುವಾಗಿದೆ. ಅವನು ಬಂದ ಮೇಲೆ ಅವನ ಮನೆಗೆ ಹೋಗಿ ಮಾತಾಡಿಸಿದವರು ನಮ್ಮಲ್ಲಿ ಎಷ್ಟು ಜನ?

ಅವನ ಹೆಂಡತಿ ಪಟ್ಟ ಕಷ್ಟವನ್ನು ನಾನು ಮರೆತಿಲ್ಲ. ಕೃಪೆ ಅಂದರೆ ಆ ಹುಡುಗಿಗೆ ನೀನೂ ಎಲ್ಲ ಮರೆತುಬಿಡು ಅಂತ ಒತ್ತಾಯ ಮಾಡುವುದಲ್ಲ. ಅವಳು ಇನ್ನೂ ತವರಿನಲ್ಲೇ ಇರುತ್ತೇನೆ ಅಂದರೆ ಇರಲಿ, ಮಕ್ಕಳ ಫೀಸಿಗೆ ಸಭೆಯವರು ಕೈಜೋಡಿಸೋಣ. ಅವನಿಗೆ ಸದ್ಯಕ್ಕೆ ಸಭೆಯಲ್ಲಿ ಜವಾಬ್ದಾರಿ ಕೊಡುವುದು ಬೇಡ ಅಂದರೂ ನಾನು ಒಪ್ಪುತ್ತೇನೆ, ಅದು ಬೇರೆ ವಿಷಯ. ಕರ್ತನ ಮೇಜು, ಅಂದರೆ ಈ ಭೋಜನ, ನಾವು ಕೊಡುವ ಹುದ್ದೆಯಲ್ಲ.

ಅಕ್ಕ, ನೀವು ಇದನ್ನು ಕೇಳುತ್ತಿದ್ದರೆ, ಗ್ರೂಪ್ ಬಿಟ್ಟು ಹೋಗಬೇಡಿ. ಸಂಜೆ ಮನೆಗೆ ಬರುತ್ತೇನೆ. ಅಣ್ಣ, ನೀವೂ ನನ್ನ ಜೊತೆ ಬನ್ನಿ. ನಿಮಗೆ ಸಭೆಯ ಮೇಲಿರುವ ಪ್ರೀತಿ ನನಗೆ ಗೊತ್ತು. ಅದಕ್ಕೂ ಮುಂಚೆ ಆ ಮೆಸೇಜನ್ನು ಎಲ್ಲರಿಗೂ ಡಿಲೀಟ್ ಮಾಡಿಬಿಡಿ.

ಅಯ್ಯನವರೇ, ನಿಮ್ಮಲ್ಲಿ ಒಂದು ಕೇಳಬೇಕಿತ್ತು. ಭೋಜನಕ್ಕೆ ನಾವು ಬಳಸುವ ದ್ರಾಕ್ಷಾರಸ ವೈನೋ, ಬರೀ ದ್ರಾಕ್ಷಿ ಜ್ಯೂಸೋ? ಕುಡಿತ ಬಿಟ್ಟವರಿಗೆ ಒಂದು ಗುಟುಕೂ ಅಪಾಯವೇ. ಎಷ್ಟೋ ಸಭೆಗಳಲ್ಲಿ ಹುಳಿ ಬರಿಸದ ರಸವನ್ನೇ ಕೊಡುತ್ತಾರೆ. ಮುಂದಿನ ಸಲದಿಂದ ಎಲ್ಲರಿಗೂ ಅದನ್ನೇ ಕೊಡೋಣ. ಅವನಿಗೆ ಮಾತ್ರ ಬೇರೆ ಬಟ್ಟಲು ಇಟ್ಟರೆ ಮತ್ತೆ ಎಲ್ಲರ ಕಣ್ಣು ಅವನ ಮೇಲೇ ಬೀಳುತ್ತದೆ. ದ್ರಾಕ್ಷಿ ನಾನು ತರುತ್ತೇನೆ. ಸ್ತ್ರೀಯರ ಕೂಟದಿಂದ ಯಾರಾದರೂ ಶನಿವಾರ ಸಂಜೆ ರಸ ತೆಗೆಯಲು ಬಂದರೆ ಸಾಕು.